ಪಾದೆಕಲ್ಲಿನಲ್ಲಿ ಗ್ರಾನೈಟಿನ ಹುಟ್ಟನ್ನು ಓದುವುದು ಹೇಗೆ?

ಮಂಗಳೂರಿನ ಸುತ್ತ ಬಹುಪಾಲು ಮುರಕಲ್ಲಿನ ಹೊದಿಕೆ. ಗಟ್ಟಿ ಶಿಲೆ ನೋಡಬೇಕಾದರೆ ಕಾರ್ಕಳದ ಕಡೆ ಹೋಗಿ. 10 ಪಟ್ಟಿನ ಭೂತಗನ್ನಡಿ, ಸ್ಕೇಲು, ಸೂಜಿ, ಒಂದು ಬಾಟಲಿ ನೀರು ಸಾಕು. 1432ರ ಗೊಮ್ಮಟ ನಿಂತ ಬೆಟ್ಟದಲ್ಲಂತೂ ಸುತ್ತಿಗೆ ಎತ್ತಲೇಬೇಡಿ.

ಒಡೆದು ಬಿದ್ದ ಹೊಸ ಮುಖಕ್ಕೆ ನೀರು ಹಾಕಿ. ಗಾಜಿನಂಥ ಬೂದು ಹರಳು ಕ್ವಾರ್ಟ್ಜ್. ಕಲ್ಲನ್ನು ಓರೆ ಮಾಡಿದಾಗ ಚಪ್ಪಟೆಯಾಗಿ ಮಿನುಗುವುದು ಫೆಲ್ಡ್‌ಸ್ಪಾರ್. ಸೂಜಿಮೊನೆಗೆ ಪದರು ಪದರಾಗಿ ಏಳುವ ಕಪ್ಪು ಚೂರು ಅಭ್ರಕ. ಹರಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಲು ಶಿಲಾಪಾಕ, ಅಂದರೆ ಕರಗಿದ ಕಲ್ಲು, ನೆಲದಾಳದಲ್ಲಿ ನಿಧಾನವಾಗಿ ಆರಬೇಕು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನ ಪಾಕ ಬಿರುಕುಗಳ ಹಾದಿ ಹಿಡಿದು ಮೇಲೇರಿ, ಕೆಲವು ಕಿಲೋಮೀಟರ್ ಆಳದಲ್ಲಿ ಹರಡಿಕೊಳ್ಳುತ್ತದೆ. ಒಂದೇ ಸಲಕ್ಕಲ್ಲ, ಕಂತು ಕಂತಾಗಿ, ಲಕ್ಷಾಂತರ ವರ್ಷ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಬೇಗ ಆರಿದ್ದು. ಅದಕ್ಕೇ ಅದರ ಕಣ ಸಣ್ಣ.

ಕಂತು ಗುರುತಿಸಲು ಎರಡು ಕಲ್ಲು ಕೂಡುವ ಅಂಚು ನೋಡಿ. ಇನ್ನೊಂದನ್ನು ಅಡ್ಡ ಕತ್ತರಿಸಿಕೊಂಡು ಹೋದ ಎಳೆ ಕಿರಿಯದು. ಅಂಚಿನತ್ತ ಹರಳು ಸಣ್ಣದಾಗುತ್ತ ಹೋದರೆ ಪಾಕ ತಣ್ಣನೆಯ ಕಲ್ಲಿಗೆ ತಾಗಿದೆ. ಹಾಗೆ ಆಗದಿದ್ದರೆ ಪಕ್ಕದ ಕಲ್ಲು ಆಗಿನ್ನೂ ಬಿಸಿಯಿತ್ತೆಂದು ಊಹಿಸಬಹುದು.

ಕಪ್ಪು-ಬಿಳಿ ಪಟ್ಟೆ ಕಂಡರೆ ಅದು ನೈಸ್, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಅಡುಗೆಮನೆ ಕಟ್ಟೆಗೆ ಮಾರುವ ‘ಬ್ಲ್ಯಾಕ್ ಗ್ರಾನೈಟ್’ ಸಾಮಾನ್ಯವಾಗಿ ಗ್ರಾನೈಟೇ ಅಲ್ಲ, ಡಾಲರೈಟೋ ಗ್ಯಾಬ್ರೋವೋ ಎಂಬ ಬೇರೆ ಕಪ್ಪು ಶಿಲೆ ಆಗಿರುತ್ತದೆ.