ಅನ್ನ ಬಿಡದೆ ಹದಿನೆಂಟು ಕೆ.ಜಿ.: ಗಂಗಾವತಿಯಲ್ಲಿ ನಾನು ತೂಕ ಇಳಿಸಿದ ಬಗೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಹದಿನೈದು ತಿಂಗಳ ಆಸುಪಾಸಿನಲ್ಲಿ 96 ಕೆ.ಜಿ.ಯಿಂದ 78 ಕೆ.ಜಿ.ಗೆ ಇಳಿದಿದ್ದೇನೆ. ಆ ಮೇಲೆ ತೂಕ ಒಂದು ಕೆ.ಜಿ. ಹಿಂದೆ ಮುಂದೆ ಆಗುತ್ತಿದೆಯೇ ಹೊರತು ಮರಳಿ ಏರಿಲ್ಲ. ತಿಂಗಳಿಗೆ ಒಂದು ಕೆ.ಜಿ. ಚಿಲ್ಲರೆ ಇಳಿಸುವುದೂ ಒಂದು ಇಳಿಸುವಿಕೆಯೇ ಎಂದು ನಕ್ಕವರು ನನ್ನ ಬಳಗದಲ್ಲಿ ಬಹಳ ಜನರಿದ್ದರು. ಎರಡು ಹೊತ್ತು ಅನ್ನ ಉಣ್ಣುವವನ ಹೊಟ್ಟೆ ಕರಗುವುದಿಲ್ಲ ಎಂದು ಪಣ ಕಟ್ಟಿದವರೂ ಇದ್ದರು. ಅವರಲ್ಲಿ ಇಬ್ಬರು ಈಗ ಬೆಳಿಗ್ಗೆ ನನ್ನ ಜೊತೆಯಲ್ಲಿಯೇ ಕಾಲುವೆ ದಂಡೆಯ ಮೇಲೆ ನಡೆಯುತ್ತಾರೆ. ತೂಕ ಇಳಿಸಲು ಒಮ್ಮೆಯಾದರೂ ಹೆಣಗಿದವರಿಗೆ ಕ್ಯಾಲೊರಿ, ಪ್ರೋಟೀನ್, ಬಿಎಂಐ ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಆದ್ದರಿಂದ ಮಾಡಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಹಣದ ವಿಚಾರ. ಈ ದಾರಿ ಹಿಡಿಯುವ ಮುನ್ನ ನಾಲ್ಕೈದು ವರ್ಷಗಳಲ್ಲಿ ನನ್ನ ಕೈಯಿಂದ ಏನಿಲ್ಲವೆಂದರೂ ಐವತ್ತು ಸಾವಿರ ರೂಪಾಯಿ ಹೋಗಿದೆ. ಪರಿಚಯದವರೊಬ್ಬರು ಮಾರುತ್ತಿದ್ದ ಪುಡಿಯನ್ನು ರಾತ್ರಿ ಊಟದ ಬದಲು ಹಾಲಿಗೆ ಕದಡಿ ಕುಡಿದು ಮೂರು ತಿಂಗಳಲ್ಲಿ ಐದು ಕೆ.ಜಿ. ಇಳಿದೆ, ಅದಕ್ಕೆ ಇಪ್ಪತ್ತು ಸಾವಿರ ರೂಪಾಯಿಯ ಹತ್ತಿರ ತೆತ್ತೆ. ಪುಡಿ ನಿಲ್ಲಿಸಿದ ಮೇಲೆ ಆರು ತಿಂಗಳೊಳಗೆ ಏಳು ಕೆ.ಜಿ. ಏರಿತು. ಜಿಮ್‌ನ ವಾರ್ಷಿಕ ಶುಲ್ಕ ಒಂಬತ್ತು ಸಾವಿರ; ಅಲ್ಲಿ ಕೊಟ್ಟ ಆಹಾರದ ಪಟ್ಟಿಯಲ್ಲಿ ಓಟ್ಸ್, ಬ್ರೊಕೋಲಿ, ಮೊಟ್ಟೆಯ ಬಿಳಿಭಾಗ ಎಂದಿತ್ತು. ನಾವು ಮೊಟ್ಟೆ ತಿನ್ನುವವರಲ್ಲ, ಬ್ರೊಕೋಲಿ ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಕಾಣಿಸುವುದೇ ಅಪರೂಪ. ಸುಗ್ಗಿ ಬಂದು ಗಿರಣಿಯಲ್ಲಿ ರಾತ್ರಿ ಒಂಬತ್ತರವರೆಗೆ ಕೆಲಸ ಬಿದ್ದಾಗ ಜಿಮ್ ತಾನಾಗಿಯೇ ನಿಂತಿತು. ಮೂವತ್ತೆರಡು ಸಾವಿರಕ್ಕೆ ಕೊಂಡ ಟ್ರೆಡ್‌ಮಿಲ್ ಅನ್ನು ಏಪ್ರಿಲ್‌ನ ಸೆಕೆಯಲ್ಲಿ, ತಗಡಿನ ಮಾಳಿಗೆಯ ಕೋಣೆಯಲ್ಲಿ ಓಡಿಸಲು ಯಾವ ಮನುಷ್ಯನಿಂದಲೂ ಆಗದು. ಅದನ್ನು ಹನ್ನೊಂದು ಸಾವಿರಕ್ಕೆ ಮಾರಿದೆ. ಈಗಿನ ವಿಧಾನಕ್ಕೆ ಆದ ಖರ್ಚು ಅಡುಗೆಮನೆಯ ಸಣ್ಣ ತೂಕದ ಯಂತ್ರಕ್ಕೆ ನಾನೂರೈವತ್ತು, ಬೂಟಿಗೆ ಎರಡು ಸಾವಿರದ ಚಿಲ್ಲರೆ, ದರ್ಜಿಯ ಟೇಪಿಗೆ ಇಪ್ಪತ್ತು ರೂಪಾಯಿ.

ಆರಂಭಿಸಿದ್ದು 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ (ನೀರು ಬಿಡುವ ಬಾಗಿಲು) ಕೊಚ್ಚಿಹೋಗಿ, ಈ ಸಲ ಭತ್ತದ ಗತಿಯೇನು ಎಂದು ಗಿರಣಿಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ ದಿನಗಳಲ್ಲಿ. ಕೆಲಸ ಕಡಿಮೆಯಿದ್ದುದರಿಂದ ಚೀಲ ತೂಗುವ ಕಾಟಾದ ಮೇಲೆ ದಿನವೂ ಬೆಳಿಗ್ಗೆ ನಿಲ್ಲುವ ರೂಢಿ ಮಾಡಿಕೊಂಡೆ. ಐವತ್ತು ಗ್ರಾಂ ವ್ಯತ್ಯಾಸವನ್ನೂ ತೋರಿಸುವ, ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುವ ಕಾಟಾ ಅದು. ಮನೆಯಲ್ಲಿನ ಗಾಜಿನ ಯಂತ್ರದಂತೆ ನೆಲದ ಹಂಚು ಬದಲಾದರೆ ತೂಕ ಬದಲಿಸುವುದಿಲ್ಲ. ಆದರೆ ಒಂದು ದಿನದ ಅಂಕಿಯನ್ನು ನಾನು ಎಂದೂ ನಂಬಲಿಲ್ಲ. ಏಳು ದಿನದ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆದು, ಅದನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸುತ್ತಿದ್ದೆ. ಗದ್ದೆಯಿಂದ ಆಗಷ್ಟೇ ಬಂದ ಭತ್ತದಲ್ಲಿ ತೇವಾಂಶ ಶೇಕಡಾ ಇಪ್ಪತ್ತರ ಮೇಲಿದ್ದು, ಒಣಗಿಸಿ ಹದಿನೇಳಕ್ಕೆ ತಂದಾಗ ಚೀಲ ಹಗುರಾಗುತ್ತದೆ. ಅಷ್ಟಕ್ಕೆ ಒಳಗಿನ ಅಕ್ಕಿ ಕಡಿಮೆಯಾಯಿತು ಎಂದು ಯಾವ ಗಿರಣಿಯವನೂ ಹೇಳುವುದಿಲ್ಲ. ಅನ್ನ ರೊಟ್ಟಿಗಳನ್ನು ಒಮ್ಮೆಲೇ ಬಿಟ್ಟವರು ಮೊದಲ ವಾರದಲ್ಲಿ ಎರಡು ಮೂರು ಕೆ.ಜಿ. ಇಳಿದೆವೆಂದು ಹಿಗ್ಗುವುದೂ ಇಂಥದ್ದೇ ಲೆಕ್ಕ: ದೇಹ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಪಿಷ್ಟ ಖರ್ಚಾಗುವಾಗ ಅದರ ಒಂದೊಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ, ಮತ್ತೆ ಉಂಡರೆ ಅಷ್ಟೂ ಮರಳಿ ಬರುತ್ತದೆ.

ಊಟದಲ್ಲಿ ನಾನು ಮಾಡಿದ ಮುಖ್ಯ ಬದಲಾವಣೆ ಒಂದೇ. ನನ್ನ ಪಾಲಿನ ಅಕ್ಕಿಯನ್ನು ಬೇಯಿಸುವ ಮೊದಲೇ ತೂಗುತ್ತೇನೆ. ಬೆಂದ ಅನ್ನವನ್ನು ತೂಗಿ ಲೆಕ್ಕ ಇಡುವವರು ಮೋಸಹೋಗುತ್ತಾರೆ, ಏಕೆಂದರೆ ವರ್ಷ ಕಳೆದ ಸೋನಾ ಮಸೂರಿ ಹಿಡಿಯುವಷ್ಟು ನೀರನ್ನು ಹೊಸ ಅಕ್ಕಿ ಹಿಡಿಯುವುದಿಲ್ಲ. ಒಂದೇ ತೂಕದ ಅನ್ನದಲ್ಲಿ ಅಕ್ಕಿಯ ಪ್ರಮಾಣ ಬೇರೆ ಬೇರೆ ಇರುತ್ತದೆ. ಹಳೆಯ ರೂಢಿಯಲ್ಲಿ ಒಂದು ಹೊತ್ತಿಗೆ ನಾನು ಉಣ್ಣುತ್ತಿದ್ದುದು ನೂರೈವತ್ತು ಗ್ರಾಂ ಅಕ್ಕಿಯ ಅನ್ನವೆಂದು ಮೊದಲ ಸಲ ತೂಗಿದಾಗ ತಿಳಿಯಿತು. ಒಮ್ಮೆಗೇ ಅರ್ಧ ಮಾಡಲಿಲ್ಲ. ಎರಡು ವಾರಕ್ಕೊಮ್ಮೆ ಹತ್ತು ಗ್ರಾಂ ಕಡಿಮೆ ಮಾಡುತ್ತ ಬಂದು ನೂರು ಗ್ರಾಮಿಗೆ ನಿಲ್ಲಿಸಿದೆ. ನನ್ನ ಅಕ್ಕಿಯನ್ನು ಕುಕ್ಕರಿನ ಒಳಗೆ ಬೇರೆಯೇ ಸ್ಟೀಲ್ ಡಬ್ಬಿಯಲ್ಲಿ ಇಡಬೇಕಾಗುತ್ತಿದ್ದುದರಿಂದ ಮನೆಯವಳು ಮೊದಮೊದಲು ಬೇಸರಪಟ್ಟಳು. "ಅಕ್ಕಿ ಗಿರಣ್ಯಾಗ ಇರೋರು ನೀವು, ಮನ್ಯಾಗ ಅಕ್ಕಿ ಗ್ರಾಂ ಲೆಕ್ಕದಾಗ ಅಳಿತೀರಿ, ಕೇಳಿದೋರು ಏನಂದಾರು" ಎಂದಳು. ಮಂದಿ ಅಂದದ್ದು ಬೇಕಾದಷ್ಟಿದೆ. ಈಗ ಅವಳ ಡಬ್ಬಿಯೂ ನನ್ನದರ ಮೇಲೆ ಕುಳಿತಿದೆ.

ತೆಗೆದ ಅನ್ನದ ಜಾಗಕ್ಕೆ ಬಂದದ್ದು ಕಾಳು ಮತ್ತು ಸೊಪ್ಪು. ಹೆಸರು, ಮಡಕಿ, ಕಡಲೆ ಯಾವುದಾದರೊಂದು, ಒಣಗಿದ್ದಾಗ ಅರವತ್ತು ಗ್ರಾಮಿನಷ್ಟು. ಜೊತೆಗೆ ಪುಂಡಿ ಪಲ್ಯವೋ ಮೆಂತ್ಯವೋ, ಹಸಿ ಸೌತೆಕಾಯಿ, ಮೂಲಂಗಿ. ತಟ್ಟೆಯ ಅರ್ಧ ತರಕಾರಿ ಮತ್ತು ಹಣ್ಣು ಇರಲಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುವುದನ್ನು ನಮ್ಮ ಊಟದಲ್ಲಿ ತರಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣಲಿಲ್ಲ. ರಾತ್ರಿ ಎರಡು ತೆಳು ರೊಟ್ಟಿ ಮತ್ತು ಅಂಗೈ ತುಂಬದಷ್ಟು ಅನ್ನ. ಇಲ್ಲಿ ಒಂದು ಮಾತು ಹೇಳಲೇಬೇಕು. ಜೋಳದ ರೊಟ್ಟಿ ಎಷ್ಟು ತಿಂದರೂ ತೂಕ ಏರುವುದಿಲ್ಲ ಎಂದು ನಮ್ಮ ಕಡೆ ದೃಢವಾದ ನಂಬಿಕೆಯಿದೆ. ನೂರು ಗ್ರಾಂ ಅಕ್ಕಿಯಲ್ಲಿಯೂ ನೂರು ಗ್ರಾಂ ಜೋಳದ ಹಿಟ್ಟಿನಲ್ಲಿಯೂ ಇರುವುದು ಹೆಚ್ಚುಕಡಿಮೆ 350 ಕ್ಯಾಲೊರಿಯೇ. ರೊಟ್ಟಿಯಲ್ಲಿ ನಾರಿನಂಶ ಹೆಚ್ಚು, ಅಗಿದು ತಿನ್ನಬೇಕಾಗಿರುವುದರಿಂದ ಬೇಗ ಸಾಕೆನಿಸುತ್ತದೆ, ಅದರ ಲಾಭ ಅಷ್ಟೇ. ಅದರ ಮೇಲೆ ಶೇಂಗಾ ಚಟ್ನಿ ಪುಡಿಗೆ ಧಾರಾಳವಾಗಿ ಎಣ್ಣೆ ಸುರಿದುಕೊಂಡರೆ ಆ ಲಾಭವೂ ಉಳಿಯುವುದಿಲ್ಲ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು, ಈಗ ಮೂರು ಲೀಟರ್ ಸಾಲುತ್ತದೆ.

ಸಂಜೆ ನಾಲ್ಕೂವರೆಯ ಹಸಿವೇ ನನ್ನ ನಿಜವಾದ ಶತ್ರುವಾಗಿತ್ತು. ಗಿರಣಿಯ ಗೇಟಿನೆದುರಿನ ಗಾಡಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಮಂಡಕ್ಕಿ ಒಗ್ಗರಣೆ ಕಲಸಿ, ಮಿರ್ಚಿಯನ್ನು ಎಣ್ಣೆಗೆ ಬಿಡುತ್ತಾರೆ. ಹಗುರವಾದ ಮಂಡಕ್ಕಿಯ ಮೇಲೆ ನನಗೆ ದೂರಿಲ್ಲ. ತೂಕ ಕೂಡುವುದು ಒಗ್ಗರಣೆಯ ಎಣ್ಣೆಯಿಂದ, ಅದಕ್ಕೆ ಜೊತೆಯಾಗಿ ಬರುವ ಮೂರು ಮಿರ್ಚಿಗಳಿಂದ. ವಾರಕ್ಕೊಮ್ಮೆ ಒಂದು ಪ್ಲೇಟು ಎಂದು ಗೊತ್ತುಮಾಡಿಕೊಂಡು, ಉಳಿದ ದಿನ ಮಜ್ಜಿಗೆ ಮತ್ತು ಒಂದು ಹಿಡಿ ಹುರಿಗಡಲೆಗೆ ಇಳಿದೆ. ಆ ಮಜ್ಜಿಗೆಗೆ ನಾನು ಸೇರಿಸುವ ಪುಡಿಯೊಂದಿದೆ, ಅದನ್ನು ಕುಡಿದರೆ ರಾತ್ರಿ ಎಂಟರವರೆಗೆ ಬಾಯಿ ಏನನ್ನೂ ಬೇಡುವುದಿಲ್ಲ. ಅದರ ಹದವನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ವ್ಯಾಯಾಮವೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ದಾರಿಯಲ್ಲಿ ಬೆಳಗಿನ ಐದೂವರೆಗೆ ನಡಿಗೆ. ಆರಂಭದಲ್ಲಿ ಎರಡು ಕಿಲೋಮೀಟರಿಗೇ ಹಿಮ್ಮಡಿ ಹಿಡಿಯುತ್ತಿತ್ತು, ನಾಲ್ಕನೆಯ ತಿಂಗಳಿಂದ ಐದು ಕಿಲೋಮೀಟರ್ ಸಲೀಸಾಯಿತು. ವಾರಕ್ಕೆ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯನ್ನು ಮೂರೇ ದಿನದಲ್ಲಿ ದಾಟುತ್ತೇನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಭಾನುವಾರ ಆನೆಗೊಂದಿಯ ಕಡೆ ಹೋಗಿ ಅಂಜನಾದ್ರಿ ಬೆಟ್ಟ ಹತ್ತುತ್ತೇನೆ. 575 ಮೆಟ್ಟಿಲುಗಳಲ್ಲಿ ಮೊದಲ ಸಲ ಎಲ್ಲೆಲ್ಲಿ ಕುಳಿತಿದ್ದೆನೋ ಲೆಕ್ಕವಿಲ್ಲ, ಈಗ ಒಂದು ಕಡೆ ಮಾತ್ರ ನಿಲ್ಲುತ್ತೇನೆ. ಇದರ ಜೊತೆಗೆ ವಾರದಲ್ಲಿ ಮೂರು ದಿನ ಹತ್ತು ಕೆ.ಜಿ.ಯ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಬೈಠಕ್ ತೆಗೆಯುತ್ತೇನೆ. ಗಿರಣಿಯ ಹಿರಿಯ ಹಮಾಲರೊಬ್ಬರು ಮೊದಲ ದಿನವೇ ನೋಡಿ, "ಸೊಂಟದಾಗ ಎತ್ತಬ್ಯಾಡ್ರೀ ಸರ್, ತೊಡಿ ಮ್ಯಾಲ ಭಾರ ಹಾಕ್ರಿ, ಹಿಮ್ಮಡ ಏಳಬಾರದು" ಎಂದು ಮೊಣಕಾಲನ್ನು ಕೈಯಿಂದ ಹಿಡಿದು ಸರಿಪಡಿಸಿದರು. ಒಂಬತ್ತು ಸಾವಿರ ತೆತ್ತ ಕಡೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಡಿಮೆ ಮಾಡಿದ ಅಕ್ಕಿ, ಎಣ್ಣೆ, ನಡಿಗೆ ಮೂರನ್ನೂ ಸೇರಿಸಿದರೆ ದಿನಕ್ಕೆ ಆರೇಳುನೂರು ಕ್ಯಾಲೊರಿ ಉಳಿಯುತ್ತದೆ, ಒಂದು ಕೆ.ಜಿ. ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಲೆಕ್ಕ ಹಿಡಿದರೆ ತಿಂಗಳಿಗೆ ಎರಡೂವರೆ ಕೆ.ಜಿ. ಇಳಿಯಬೇಕಿತ್ತು. ಇಳಿದದ್ದು ಅದರ ಅರ್ಧ. ಸೇರಿಸಿಕೊಂಡ ಕಾಳಿಗೂ ತನ್ನದೇ ಕ್ಯಾಲೊರಿಯಿದೆ, ದೇಹ ಹಗುರಾದಂತೆ ಅದರ ಖರ್ಚೂ ತಗ್ಗುತ್ತದೆ, ಉಳಿದದ್ದನ್ನು ಮದುವೆ, ಹಬ್ಬ, ನೆಂಟರು ನುಂಗುತ್ತಾರೆ. 84 ಕೆ.ಜಿ.ಯಲ್ಲಿ ತೂಕ ಎರಡು ತಿಂಗಳಿಗಿಂತ ಹೆಚ್ಚು ಕಾಲ ಅಲುಗಾಡದೆ ನಿಂತಾಗ ಜೊತೆಗಾರರು ಊಟ ಇನ್ನಷ್ಟು ಕತ್ತರಿಸಲು ಹೇಳಿದರು. ನಾನು ಊಟ ಮುಟ್ಟದೆ ಎಣ್ಣೆಯನ್ನು ಮತ್ತೆ ಅಳೆದೆ. ಮೂರು ಲೀಟರ್ ಎಂದುಕೊಂಡದ್ದು ಮೆಲ್ಲಗೆ ನಾಲ್ಕರ ಹತ್ತಿರ ಬಂದಿತ್ತು. ಅದನ್ನು ಸರಿಪಡಿಸಿ, ರಾತ್ರಿ ಊಟದ ನಂತರ ಕಾಲುಗಂಟೆ ನಡಿಗೆ ಸೇರಿಸಿದ ಮೂರನೆಯ ವಾರಕ್ಕೆ ಸರಾಸರಿ ಕೆಳಗೆ ಹೊರಟಿತು.

ನಡುವೆ ಮಾಡಿದ ಪ್ರಯೋಗಗಳು ಹಲವು. ಒಂದು ತಿಂಗಳು ಅಕ್ಕಿಯ ಬದಲು ಅಷ್ಟೇ ತೂಕದ ನವಣೆ ಉಂಡೆ: ಕಾಟಾದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಂಗಡಿಯ ಚೀಟಿಯಲ್ಲಿ ಮಾತ್ರ ಎದ್ದು ಕಂಡಿತು. ರಾತ್ರಿಯ ಅನ್ನಕ್ಕೆ ಮೊಸರು ಹಾಕಿ ಬೆಳಿಗ್ಗೆ ಉಂಡದ್ದರಿಂದ ಹೊಟ್ಟೆ ತಂಪಾಯಿತು, ತೂಕಕ್ಕೆ ಏನೂ ಆಗಲಿಲ್ಲ. ಉಪ್ಪಿನ ಪ್ರಯೋಗ ಬೇಡದೆಯೇ ಆಯಿತು. ಮದುವೆಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಹೊಡೆದ ಮರುದಿನ ಒಂದೂವರೆ ಕೆ.ಜಿ. ಏರಿ, ನಾಲ್ಕನೆಯ ದಿನ ತಾನಾಗಿಯೇ ಇಳಿಯಿತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋದಾಗ ಮಹಾದಾಸೋಹದಲ್ಲಿ ರೊಟ್ಟಿ, ಮಾದಲಿಗಳನ್ನು ಲೆಕ್ಕವಿಡದೆ ಉಂಡೆ, ಅಲ್ಲಿ ತೂಕದ ಯಂತ್ರ ಹಿಡಿದು ಕೂರುವುದು ಅವಿವೇಕ. ಮದುವೆ ಊಟದಲ್ಲಿ ಬಡಿಸುವವರ ಕೈಯಿಂದ ಮನನೋಯಿಸದೆ ತಪ್ಪಿಸಿಕೊಳ್ಳಲು ನನ್ನದೊಂದು ಉಪಾಯವಿದೆ, ಆದರೆ ನಮ್ಮ ಬೀಗರೂ ಇದನ್ನು ಓದಬಹುದು.

ಸೊಂಟ 41 ಇಂಚಿನಿಂದ 36ರ ಒಳಗೆ ಬಂದಿದೆ. ನಮ್ಮ ದೇಶದ ಗಂಡಸರಿಗೆ ಹೇಳುವ 90 ಸೆಂ.ಮೀ. ಮಿತಿಗೆ ಇನ್ನೂ ಅರ್ಧ ಇಂಚಿನಷ್ಟು ಬಾಕಿ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 110ರ ಮೇಲಿದ್ದುದು ಈಗ ನೂರರ ಕೆಳಗಿದೆ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ವೈದ್ಯರೊಡನೆ ಮಾತ್ರೆಯ ವಿಚಾರ ಮಾತನಾಡಿಕೊಳ್ಳಬೇಕು, ಸಕ್ಕರೆ ತೀರ ಕೆಳಗಿಳಿಯುವ ಅಪಾಯವಿದೆ. ಪ್ಯಾಂಟುಗಳನ್ನು ಎರಡು ಸಲ ಬಿಗಿ ಮಾಡಿಸಿದ್ದಕ್ಕೆ ದರ್ಜಿ ಒಂದಕ್ಕೆ ಎಂಬತ್ತರಂತೆ ತೆಗೆದುಕೊಂಡ, ಮೂರನೆಯ ಸಲಕ್ಕೆ ಬಟ್ಟೆ ನಿಲ್ಲುವುದಿಲ್ಲ ಎಂದ. ಈ ವಿಧಾನದ ಖರ್ಚಿನಲ್ಲಿ ಹೊಸ ಪ್ಯಾಂಟುಗಳ ಲೆಕ್ಕವನ್ನು ನಾನಿನ್ನೂ ಹಿಡಿದಿಲ್ಲ.