ಒಂದು ನಾಯಿ, ಎರಡು ಮನೆ: ಅಗ್ರಿಮೆಂಟಿನಲ್ಲಿ ಏನೇನು ಬರೆಯಬೇಕು

ಇಬ್ಬರು ಸೇರಿ ಒಂದು ನಾಯಿ ಸಾಕುವುದು ಮುಂಬೈನಲ್ಲಿ ಹೊಸದೇನಲ್ಲ. ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬರು ಆಗಾಗ ಊರಿಗೆ ಹೋಗುವವರು, ಇಬ್ಬರದೂ ಒನ್ ಬಿಎಚ್‌ಕೆ. ನಮ್ಮ ಕರಿಯನೂ ಹಾಗೇ. ವಾರವಿಡೀ ಮುಲುಂಡಿನ ನಮ್ಮ ಮನೆ, ಶನಿವಾರ ಭಾನುವಾರ ಠಾಣೆಯ ಶೆಟ್ರ ಮನೆ. ಬರೆದಿಟ್ಟುಕೊಳ್ಳೋಣ ಅಂದಾಗ ಶೆಟ್ರು ನಕ್ಕರು. "ಏನ್ರೀ, ನಾಯಿಗೂ ಅಗ್ರಿಮೆಂಟಾ? ಫ್ಲ್ಯಾಟ್ ಬಾಡಿಗೆಗೆ ಕೊಡ್ತಾ ಇದ್ದೇವಾ?" ಇಲ್ಲ. ಆದರೆ ಫ್ಲ್ಯಾಟಿಗೆ ಮಧ್ಯರಾತ್ರಿ ಜ್ವರ ಬರುವುದಿಲ್ಲ ಅಲ್ವಾ?

ಬರೆಯಬೇಕಾದ್ದು ಯಾರಿಗೆ ಎಷ್ಟು ಪ್ರೀತಿ ಅಂತ ಅಲ್ಲ. ಯಾವ ವಿಷಯಕ್ಕೆ ಯಾರ ಮಾತು ಕೊನೆ ಅಂತ.

ಮೊದಲು ಕಾನೂನು, ಚುಟುಕಾಗಿ. ನಮ್ಮಲ್ಲಿ ಸಾಕುನಾಯಿ ಒಡೆಯನ ಸ್ವತ್ತು. ಮಕ್ಕಳ ವಿಷಯದಲ್ಲಿ ಇರುವಂಥ ಪಾಲನೆಯ ಕಾನೂನು ನಾಯಿಗೆ ಇಲ್ಲ. ದೆಹಲಿಯಲ್ಲಿ ಹೆನ್ರಿ ಎಂಬ ರಾಟ್‌ವೈಲರ್‌ನ ಜಂಟಿ ಪಾಲನೆಯ ಜಗಳ 2025ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಜಂಟಿ ಸ್ವತ್ತು ಉಳಿದವರ ಒಪ್ಪಿಗೆಯಿಂದ ಒಬ್ಬರ ಕೈಯಲ್ಲೇ ಇದ್ದಾಗ, ಅವರು ಅದನ್ನು ವಿಷಯ ಗೊತ್ತಿಲ್ಲದ ಪ್ರಾಮಾಣಿಕ ಗಿರಾಕಿಗೆ ಮಾರಿದರೆ ಸ್ವತ್ತು ಆ ಗಿರಾಕಿಯದೇ ಆಗುತ್ತದೆ. ಬೀದಿಯಿಂದ ತಂದ ಕರಿಯನಂಥ ನಾಡು ನಾಯಿಯನ್ನು ಯಾರೂ ಮಾರಲಿಕ್ಕಿಲ್ಲ. ದುಡ್ಡು ಕೊಟ್ಟು ತಂದ ಜಾತಿ ನಾಯಿಯಾದರೆ "ಇಬ್ಬರ ಸಹಿ ಇಲ್ಲದೆ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಮರಿ ಹಾಕಿಸುವಂತಿಲ್ಲ" ಅಂತ ಒಂದು ಸಾಲು ಇರಲಿ. ಖರೀದಿ ರಸೀದಿಯಲ್ಲೂ ಇಬ್ಬರ ಹೆಸರು ಹಾಕಿಸಿ.

ಪಾಲಿಕೆಯಿಂದ ಪಡೆಯುವ ನಾಯಿ ಲೈಸೆನ್ಸ್ ವಿಷಯದಲ್ಲಿ ಹಟ ಬೇಡ. ಮುಲುಂಡ್ ಬಿಎಂಸಿಗೆ, ಅಂದರೆ ಮುಂಬೈ ಪಾಲಿಕೆಗೆ ಸೇರಿದ್ದು, ಟೋಲ್ ನಾಕಾ ದಾಟಿದರೆ ಠಾಣೆ ಪಾಲಿಕೆ. ನಾಯಿ ಜಾಸ್ತಿ ದಿನ ಎಲ್ಲಿರುತ್ತದೋ ಅಲ್ಲಿಯವರ ಹೆಸರಲ್ಲೇ ಮಾಡಿಸಿ, ರೇಬೀಸ್ ಲಸಿಕೆಯ ಸರ್ಟಿಫಿಕೇಟ್ ಕೈಯಲ್ಲಿರಲಿ. ಆದರೆ ಅಗ್ರಿಮೆಂಟಿನಲ್ಲಿ "ಲೈಸೆನ್ಸ್ ಒಬ್ಬರ ಹೆಸರಲ್ಲಿದ್ದರೂ ನಾಯಿ ಇಬ್ಬರದೂ" ಅಂತ ಬರೆಯಿರಿ. ಗುರುತಿಗೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರೂ ಬರಲಿ. ಇಲ್ಲವಾದರೆ ಬಣ್ಣ, ಗುರುತು, ಒಂದು ಫೋಟೋ. ನಮ್ಮ ಕಾಗದದಲ್ಲಿ "ಕಪ್ಪು ಗಂಡು ನಾಯಿ, ಎಡಗಿವಿಯ ತುದಿ ಸೀಳಿದೆ, ಎದೆಯ ಮೇಲೆ ಬಿಳಿ ಮಚ್ಚೆ" ಅಂತಿದೆ. ಕರಿಯ ಅನ್ನೋ ಹೆಸರಿನ ಕಪ್ಪು ನಾಯಿಗಳು ಈ ಊರಲ್ಲಿ ಎಷ್ಟಿಲ್ಲ!

ದುಡ್ಡಿನ ಲೆಕ್ಕ ಸರಳವಾಗಿದ್ದರೆ ಚೆನ್ನ. ಊಟ ಯಾರ ಮನೆಯಲ್ಲಿದ್ದರೆ ಅವರದು. ಲಸಿಕೆ, ಜಂತುಹುಳು ಮಾತ್ರೆ, ಉಣ್ಣಿ ಔಷಧಿ ಅರ್ಧ ಅರ್ಧ. ಚಪ್ಪಲಿ, ಸೋಫಾ ಕಚ್ಚಿ ಹಾಕಿದರೆ ಅದು ಆ ಮನೆಯವರ ಹಣೆಬರಹ, ಅದಕ್ಕೆ ಲೆಕ್ಕ ಕೇಳಬಾರದು.

ತುಂಬಾ ಯೋಚಿಸಬೇಕಾದ್ದು ಕಾಯಿಲೆ ವಿಷಯ. ಮಳೆಗಾಲದಲ್ಲಿ ಮುಂಬೈ ನಾಯಿಗಳಿಗೆ ಲೆಪ್ಟೋ ಭಯ ಇದ್ದದ್ದೇ. ಇಲಿ ಉಚ್ಚೆ ಸೇರಿದ ನೀರಲ್ಲಿ ಓಡಾಡಿದರೆ ಬರುತ್ತದೆ, ಕಿಡ್ನಿ, ಲಿವರ್ ಎರಡಕ್ಕೂ ಹೊಡೆತ, ಮನುಷ್ಯರಿಗೂ ಹರಡುತ್ತದೆ. ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಬೇರೆ. ಇಂಥದ್ದರಲ್ಲಿ "ನಾಳೆ ಅವರು ಬರಲಿ, ಕೇಳಿ ನೋಡೋಣ" ಅಂದರೆ ನಾಯಿ ಉಳಿಯದೇ ಹೋಗಬಹುದು. ನಮ್ಮ ಕಾಗದದ ಆ ಭಾಗ ಹೀಗಿದೆ, ಬೇಕಿದ್ದರೆ ಹಾಗೇ ಎತ್ತಿಕೊಳ್ಳಿ:

"ನಾಯಿ ಯಾರ ಬಳಿ ಇದೆಯೋ ಅವರು ತುರ್ತಿನಲ್ಲಿ 10,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಕೇಳದೆಯೇ ಕೊಡಿಸಬಹುದು. ಇನ್ನೊಬ್ಬರು ಅರ್ಧ ಹಣ ಕೊಡಬೇಕು. ಅದಕ್ಕೂ ಜಾಸ್ತಿಯಾದರೆ ಫೋನ್ ಮಾಡಬೇಕು. ಎರಡು ಗಂಟೆಯೊಳಗೆ ಉತ್ತರ ಬಾರದಿದ್ದರೆ ಡಾಕ್ಟರು ಹೇಳಿದಂತೆ ಮಾಡುವುದು. ಆಪರೇಷನ್ ಬೇಡ ಎಂದು ಒಬ್ಬರೇ ಹೇಳುವಂತಿಲ್ಲ. ನೋವು ತಡೆಯಲಾಗದೆ ಇಂಜೆಕ್ಷನ್ ಕೊಟ್ಟು ಕಳಿಸುವ ಸ್ಥಿತಿ ಬಂದರೆ ಇಬ್ಬರ ಒಪ್ಪಿಗೆಯೂ ಬೇಕು. ಇನ್ನೊಬ್ಬರು ಒಂದು ದಿನ ಸಿಗದಿದ್ದರೆ ಮಾತ್ರ ಡಾಕ್ಟರ ಲಿಖಿತ ಅಭಿಪ್ರಾಯವೇ ಕೊನೆ."

ಕೊನೆಯ ಸಾಲುಗಳನ್ನು ಬರೆಯುವಾಗ ಶೆಟ್ರ ನಗು ನಿಂತಿತು, ಅವರ ಮನೆಯಾಕೆ ಎದ್ದು ಒಳಗೆ ಹೋದರು. ಆದರೂ ಬರೆಯಿರಿ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಈ ಚರ್ಚೆ ಶುರು ಮಾಡುವುದಕ್ಕಿಂತ ಮನೆಯಲ್ಲಿ ಕಾಫಿ ಕುಡಿಯುತ್ತಾ ಮುಗಿಸುವುದು ವಾಸಿ.

ಕಚ್ಚಿದರೆ? ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಹಿಡಿಯುವುದು ಪ್ರಾಣಿ ಯಾರ ವಶದಲ್ಲಿದೆಯೋ ಅವರನ್ನು. ಅಪಾಯ ತಡೆಯದೆ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಅಂದು ಬೆಲ್ಟ್ ಹಿಡಿದವರೇ ಜವಾಬ್ದಾರರು, ಗಾಯಗೊಂಡವರ ಚಿಕಿತ್ಸೆ ಖರ್ಚು ಮಾತ್ರ ಅರ್ಧ ಅರ್ಧ ಅಂತ ಬರೆದುಕೊಂಡೆವು. ನಾಯಿ ಕೈ ಬದಲಾದಾಗ ವಾಟ್ಸಾಪಲ್ಲಿ "ಕರಿಯ ತಲುಪಿದ" ಅಂತ ಒಂದು ಮೆಸೇಜ್ ಹಾಕಿದರೆ ಸಾಕು, ಯಾವತ್ತು ಯಾರ ಬಳಿ ಇತ್ತು ಅನ್ನೋದಕ್ಕೆ ದಾಖಲೆ ಇರುತ್ತದೆ.

ಸೊಸೈಟಿಯವರು ತಕರಾರು ತೆಗೆದರೆ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ತೋರಿಸಿ. ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ ಅಂತ ಅದರಲ್ಲಿದೆ.

ಇನ್ನು ಬೇರೆಯಾಗುವ ಮಾತು. ಒಬ್ಬರಿಗೆ ಬೆಂಗಳೂರಿಗೆ ಟ್ರಾನ್ಸ್‌ಫರ್, ದುಬೈಯಲ್ಲಿ ಕೆಲಸ, ಮದುವೆ, ಮನೆಯವರಿಗೆ ಅಲರ್ಜಿ, ಏನು ಬೇಕಾದರೂ ಆಗಬಹುದು. ಬಿಡುವವರು ಒಂದು ತಿಂಗಳು ಮುಂಚೆ ಹೇಳಬೇಕು, ನಾಯಿ ಉಳಿದವರ ಬಳಿ ಇರಬೇಕು, ಹಳೇ ಖರ್ಚು ವಾಪಸ್ ಕೇಳಬಾರದು. ಇಬ್ಬರಿಗೂ ಆಗದಿದ್ದರೆ ಇಬ್ಬರೂ ಸೇರಿಯೇ ಹೊಸ ಮನೆ ಹುಡುಕಬೇಕು. ಸುಮ್ನೆ ಎಲ್ಲೋ ಬಿಟ್ಟು ಬಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಒಬ್ಬರು ತೀರಿಕೊಂಡರೆ ನಾಯಿ ಯಾರಿಗೆ ಅನ್ನೋದಕ್ಕೂ ಒಂದು ಸಾಲು ಸಾಕು.

ಕಾಗದದ ವಿಷಯ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಿಂದ ಇಂಥ ಒಪ್ಪಂದಕ್ಕೆ 100 ರೂಪಾಯಿಯ ಸ್ಟಾಂಪ್ ಸಾಲದು, 500 ಬೇಕು. ದುಬಾರಿ ಅನಿಸುತ್ತದೆ, ಆದರೆ ಸರಿಯಾದ ಸ್ಟಾಂಪ್ ಇಲ್ಲದ ಕಾಗದವನ್ನು ಬಾಕಿ ಮತ್ತು ದಂಡ ಕಟ್ಟುವ ತನಕ ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಬರೆದರೆ ತಪ್ಪೇನಿಲ್ಲ, ಆದರೆ ಇಲ್ಲಿನ ನೋಟರಿಯೂ ಡಾಕ್ಟರೂ ಓದಬೇಕಲ್ಲ, ಇಂಗ್ಲಿಷ್ ಇಲ್ಲವೇ ಮರಾಠಿಯಲ್ಲಿ ಮಾಡಿಸಿ. ಪ್ರತಿ ಪುಟಕ್ಕೂ ಇಬ್ಬರ ಸಹಿ, ಕೊನೆಯಲ್ಲಿ ಇಬ್ಬರು ಸಾಕ್ಷಿಗಳು. ಸಾಕ್ಷಿ ಹಾಕುವವರು ಎರಡೂ ಮನೆಗೆ ಸಂಬಂಧ ಇಲ್ಲದವರಾದರೆ ಒಳ್ಳೆಯದು. ಒಂದು ಜೆರಾಕ್ಸ್ ಲಸಿಕೆ ಪುಸ್ತಕದೊಳಗೆ ಮಡಚಿ ಇಡಿ. ವರ್ಷಕ್ಕೊಮ್ಮೆ ರೇಬೀಸ್ ಇಂಜೆಕ್ಷನ್‌ಗೆ ಹೋದಾಗ ಆ 10,000ದ ಮಿತಿ ಇನ್ನೂ ಸಾಕಾಗುತ್ತಾ ಅಂತ ನೋಡಿ, ಬದಲಿಸುವುದಿದ್ದರೆ ಇಬ್ಬರೂ ಸಹಿ ಹಾಕಿ.