ಸಕ್ಕರೆ ಜಗಳ ಹಿಡಿದು ಸಿದ್ಧಾಂತ ಕಲಿಸಿದ್ದು

ಜಮಖಂಡಿ ಕಡೆಯ ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಜಾಗತಿಕ ವ್ಯವಸ್ಥೆ ಕುರಿತ ಸಿದ್ಧಾಂತಗಳ ಲಕ್ಷಣ ಬರೆಸಿದರೆ ಹುಡುಗರು ಬಾಯಿಪಾಠ ಮಾಡುತ್ತಾರೆ. ಹೋಲಿಸಿ ಅಂದರೆ ಪೆನ್ನು ನಿಲ್ಲುತ್ತದೆ. ಅದಕ್ಕೆ ಒಂದೇ ಜಗಳ ತೆಗೆದುಕೊಂಡು, ಎಲ್ಲ ಸಿದ್ಧಾಂತಗಳನ್ನೂ ಅದಕ್ಕೇ ಹಚ್ಚಿ ನೋಡುತ್ತೇವೆ.

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ಭಾರತದ ಮೇಲೆ ದೂರು ಕೊಟ್ಟವು. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆಗಳು ರೈತರಿಗೆ ಕೊಡಲೇಬೇಕೆಂದು ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ), ಸಕ್ಕರೆ ರಫ್ತಿನ ನೆರವು ಎರಡೂ ನಿಯಮ ಮೀರಿವೆ ಎಂಬುದು ಅವರ ತಕರಾರು. "ಸರ, ನಮ್ಮ ಕಬ್ಬಿನ ರೇಟಿನ ಚಿಂತಿ ಬ್ರೆಜಿಲ್‌ನವ್ರಿಗೆ ಯಾಕ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅರ್ಧ ಕ್ಲಾಸಿನವರ ಮನೆಯಲ್ಲಿ ಕಬ್ಬಿದೆ, ಅಲ್ವಾ?

2021ರ ಡಿಸೆಂಬರಿನಲ್ಲಿ ಸಂಸ್ಥೆಯ ವಿಚಾರಣಾ ಸಮಿತಿಯ ತೀರ್ಪು ಭಾರತದ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಕೇಳುವವರೇ ಇರಲಿಲ್ಲ! ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದಿದ್ದರಿಂದ ಸಂಸ್ಥೆಯ ಮೇಲ್ಮನವಿ ಪೀಠ 2019ರ ಕೊನೆಗೇ ನಿಂತುಹೋಗಿತ್ತು. ಇಲ್ಲಿ ವಾಸ್ತವವಾದದ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ದೇಶಗಳ ಮೇಲೆ ಇನ್ನೊಂದು ಸರ್ಕಾರವಿಲ್ಲ, ಬಲವಿದ್ದವರು ಬಿಟ್ಟಷ್ಟೇ ನಿಯಮ ನಡೆಯುತ್ತದೆ.

ಹಾಗಾದರೆ ಗ್ವಾಟೆಮಾಲಾದಂಥ ಚಿಕ್ಕ ದೇಶ ಭಾರತವನ್ನು ಪ್ರಶ್ನಿಸಿದ್ದು ಹೇಗೆ? ವಾಸ್ತವವಾದ ಇಲ್ಲಿ ತಡವರಿಸುತ್ತದೆ. ಸಂಸ್ಥೆ ಇದ್ದರೆ ಚಿಕ್ಕವರಿಗೂ ದನಿ ಸಿಗುತ್ತದೆ, ಎದುರಿನವನ ನಡೆ ಮೊದಲೇ ಅಂದಾಜಾಗುತ್ತದೆ ಎನ್ನುವ ಉದಾರವಾದಿ ಉತ್ತರ ಹೆಚ್ಚು ಹೊಂದುತ್ತದೆ. ಭಾರತವೂ ಸಂಸ್ಥೆ ಬಿಟ್ಟು ಹೊರಬರಲಿಲ್ಲ, ಅದರ ದಾರಿಯಲ್ಲೇ ಮೇಲ್ಮನವಿಗೆ ಹೋಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ವಾಲರ್‌ಸ್ಟೈನ್ ಅವರ ವಿಶ್ವ ವ್ಯವಸ್ಥೆ ಸಿದ್ಧಾಂತಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಶ್ರೀಮಂತ ಕೇಂದ್ರ, ದುಡಿಯುವ ಅಂಚು ಎಂಬ ಅವರ ಚಿತ್ರ ಸಕ್ಕರೆಯ ಇತಿಹಾಸಕ್ಕೆ ಚೆನ್ನಾಗಿ ಕೂಡುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಬೆವರು ಸುರಿಸಿದರು, ಲಾಭ ಯುರೋಪಿಗೆ ಹೋಯಿತು. ಆದರೆ ಈ ಕೇಸಿನಲ್ಲಿ ಬ್ರೆಜಿಲ್, ಗ್ವಾಟೆಮಾಲಾ, ಭಾರತ ಮೂರೂ ಆ ಕೇಂದ್ರದ ಹೊರಗಿನವೇ. ಅವುಗಳ ನಡುವೆಯೇ ಜಗಳವಾದಾಗ ಆ ಚಿತ್ರ ಸಾಲುವುದಿಲ್ಲ.

ಒಂದು ಸಂಗತಿಯ ಅರ್ಥ ನೋಡುವವರ ನಂಬಿಕೆಯ ಮೇಲೆ ನಿಂತಿದೆ ಎನ್ನುವ ರಚನಾವಾದ ಬೇಗ ಮುಗಿಯುತ್ತದೆ. ಅದೇ ನೆರವು ನಮಗೆ ರೈತನ ಬದುಕು, ಅವರಿಗೆ ಮಾರುಕಟ್ಟೆಯ ಮೋಸ ಎಂದು ತೋರಿಸಿದರೆ ಸಾಕು.

ಪರೀಕ್ಷೆಗೆ ನಾನು ಹೇಳುವುದು ಇಷ್ಟೇ: ಪ್ರತಿ ಸಿದ್ಧಾಂತಕ್ಕೂ ಅದು ವಿವರಿಸಿದ್ದು ಒಂದು ಸಾಲು, ವಿವರಿಸಲಾಗದ್ದು ಒಂದು ಸಾಲು ಬರೆಯಿರಿ. ಎರಡನೇ ಸಾಲಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.